ತೊಗರಿ ಬೆಳೆಯುವವರಿಗೆ ಬೇಳೆ ಕಲಿಸಲು ಹೋದದ್ದು

ಕೊಡ್ಲಿ

ಆಫ್ರಿಕಾಕ್ಕೆ ಹೋಗಬೇಕಾದವಳು ನಾನಲ್ಲ, ನಮ್ಮ ಅಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ರೈಲು, ವಿಮಾನ, ದೂರದ ದೇಶ ಎಲ್ಲ ಬರುತ್ತವೆ. ಆ ಸಡಗರದಲ್ಲಿ ಇದು ಮರೆತುಹೋಗುವಂಥ ಮಾತು. ನಾನೇ ಒಮ್ಮೆ ಮರೆತಿದ್ದೆ.

ಅಕ್ಕನ ಹೆಸರು ನಾಗಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಮನೆಯಲ್ಲಿ ಒಂದು ಬೀಸುವ ಕಲ್ಲು ಇತ್ತು, ಒಂದು ಪಾಟಿ ಇತ್ತು. ಕಲ್ಲಿನ ಮುಂದೆ ಅಕ್ಕ ಕುಳಿತಳು, ಪಾಟಿ ಹಿಡಿದುಕೊಂಡು ನಾನು ಶಾಲೆಗೆ ಹೋದೆ. ಏಳನೇ ಇಯತ್ತೆಗೆ ನನ್ನ ಓದೂ ಮುಗಿಯಿತು. ಅಷ್ಟರಲ್ಲಿ ನನಗೆ ಸಹಿ ಮಾಡುವುದು, ಪೇಪರು ಓದುವುದು, ಸಾಹೇಬರ ಮುಂದೆ ತಡವರಿಸದೆ ಮಾತಾಡುವುದು ಬಂದಿತ್ತು. ಅಕ್ಕನಿಗೆ ಬಂದದ್ದು ಬೇಳೆ ಮಾಡುವುದು.

ಮಿಲ್ಲಿನ ಬೇಳೆ ತಿಂದವರಿಗೆ ಇದರಲ್ಲೇನಿದೆ ಅನ್ನಿಸಬಹುದು. ತೊಗರಿಯನ್ನು ನೆನೆಹಾಕಿ, ನೀರು ಬಸಿದು, ಕೆಮ್ಮಣ್ಣನ್ನು ಕಲಸಿ ಪ್ರತಿ ಕಾಳಿಗೂ ಹತ್ತುವಂತೆ ಹಚ್ಚಬೇಕು. ಒಂದು ರಾತ್ರಿ ಗೋಣಿಚೀಲ ಮುಚ್ಚಿ ಗುಡ್ಡೆ ಹಾಕಿಟ್ಟು, ಆಮೇಲೆ ಬಿಸಿಲಿಗೆ ಹರವಬೇಕು. ಎರಡು ದಿನವೋ, ಮೂರು ದಿನವೋ, ನಾಲ್ಕೋ? ಅದನ್ನು ಅಕ್ಕ ಹಲ್ಲಿನಿಂದ ತಿಳಿಯುತ್ತಿದ್ದಳು. ಒಂದು ಕಾಳು ತೆಗೆದು, ಮಣ್ಣು ಒರೆಸಿ, ಕಡಿದು ಕಿವಿಗೊಟ್ಟು ಕೇಳುವಳು. ಕಟ್ ಅಂದರೆ ಬೀಸಲಿಕ್ಕೆ ಬಂತು. ಮೆತ್ತಗಾದರೆ ಇನ್ನೂ ಇಲ್ಲ. ಅವಳ ಕಲ್ಲಿನಿಂದ ಬೀಳುವ ಬೇಳೆಗೆ ಅಂಚು ಮುಕ್ಕಾಗಿರುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದರೆ ಹೊಸದಾಗಿ ಟಂಕಿಸಿದ ನಾಣ್ಯದ ಹಾಗೆ ಕಾಣುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಸೇಡಂನಲ್ಲಿ ಮಹಿಳಾ ಸಂಘಗಳ ಪ್ರದರ್ಶನ ಇಟ್ಟಿದ್ದರು. ಬಸ್ಸಿನಲ್ಲಿ ಅಕ್ಕನಿಗೆ ವಾಂತಿಯಾಗುತ್ತದೆ, ಹಾಗಾಗಿ ಬೇಳೆ ತೆಗೆದುಕೊಂಡು ನಾನೇ ಹೋದೆ. ಮಧ್ಯಾಹ್ನ ಒಬ್ಬ ಸಾಹೇಬರು ಬಂದರು. ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಕುತ್ತಿಗೆಗೆ ಗುರುತಿನ ಚೀಟಿ. ಬಡ ದೇಶಗಳ ಶಾಲೆ ಮಕ್ಕಳಿಗೆ ಊಟ ಕೊಡುವ ಒಂದು ದೊಡ್ಡ ಸಂಸ್ಥೆಯಲ್ಲಿ ನೌಕರಿ, ಹೆಸರು ಕುಲಕರ್ಣಿ. ಬೇಳೆಯಲ್ಲಿ ಕೈಯಾಡಿಸಿ, ನಾಲ್ಕು ಕಾಳು ಬೆಳಕಿಗೆ ಹಿಡಿದು, ಇದನ್ನು ಯಾರು ಮಾಡಿದ್ದು ಅಂತ ಕೇಳಿದರು.

"ನಾನ್ರಿ," ಅಂದೆ.

ಯಾಕಂದೆನೋ ಗೊತ್ತಿಲ್ಲ. ಅಕ್ಕನ ಹೆಸರು ಹೇಳಿದ್ದರೆ ಕಿರೀಟವೇನೂ ಕೆಳಗೆ ಬೀಳುತ್ತಿರಲಿಲ್ಲ. ಸಾಹೇಬರು ಮತ್ತೆ ಮತ್ತೆ ಕೇಳಿದ್ದಕ್ಕೆಲ್ಲ ಅಕ್ಕನ ಮಾತನ್ನೇ ನನ್ನ ಬಾಯಿಂದ ಹೇಳಿದೆ. ಒಂದು ತಿಂಗಳ ಮೇಲೆ ಕಾಗದ ಬಂತು. ಆಫ್ರಿಕಾದಲ್ಲಿ ಮಲಾವಿ ಅಂತ ಒಂದು ದೇಶವಂತೆ, ಅಲ್ಲಿ ತೊಗರಿ ಬೆಳೆಯುತ್ತಾರಂತೆ. ಅಲ್ಲಿಯ ತಾಯಂದಿರಿಗೆ ಬೇಳೆ ಮಾಡುವುದು ಕಲಿಸಿದರೆ ಶಾಲೆಯ ಮಕ್ಕಳಿಗೆ ಬೇಳೆಯ ಊಟ ಸಿಗುತ್ತದೆ, ಊಟಕ್ಕಾಗಿ ಮಕ್ಕಳು ಶಾಲೆಗೆ ಬರುತ್ತಾರೆ, ದೇಶ ಉದ್ಧಾರವಾಗುತ್ತದೆ. ಉದ್ಧಾರ ಮಾಡಲು ನಮ್ಮೂರು ಕೊಡ್ಲಿಯಿಂದ ನಾನು ಹೋಗಬೇಕು.

ಅಕ್ಕನಿಗೆ ನಾನು ಹೇಳಿದ್ದು ಬೇರೆ: ನಿನ್ನನ್ನೇ ಕರೆದಿದ್ದರು, ಆದರೆ ಸಹಿ ಬರದವರಿಗೆ ಪಾಸ್‌ಪೋರ್ಟ್ ಕೊಡುವುದಿಲ್ಲವಂತೆ, ಅದಕ್ಕೆ ನನ್ನ ಹೆಸರು ಬರೆದುಕೊಂಡರು. ಹೆಬ್ಬೆಟ್ಟಿಗೂ ಪಾಸ್‌ಪೋರ್ಟ್ ಕೊಡುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು.

"ನಿನ್ನ ಸಾಲಿ ಕಲಿಸಿದ್ದು ಉಪಯೋಗಕ್ಕ ಬಂತು ನೋಡು," ಅಂದಳು. ಅಂದು, ತಾನೇ ಐದು ಸೇರು ಕೆಮ್ಮಣ್ಣು ಜರಡಿ ಹಿಡಿದು ಗಂಟು ಕಟ್ಟಿಕೊಟ್ಟಳು. ಅಲ್ಲಿಯ ಮಣ್ಣು ಹೆಂಗಿರುತ್ತದೋ ಏನೋ ಅಂತ.

ವಾಡಿ

ಚಿತ್ತಾಪುರದ ಮೇಲೆ ಹಾಯ್ದು ವಾಡಿ ಸ್ಟೇಷನ್ನಿಗೆ ಬಂದಾಗ ಕುಲಕರ್ಣಿ ಸಾಹೇಬರು ಆಗಲೇ ಬಂದು ನಿಂತಿದ್ದರು. ಸಿಮೆಂಟಿನ ಧೂಳು ಎಂದಿನಂತೆ ಎಲ್ಲರ ಮೇಲೂ ಸಮನಾಗಿ ಬಿದ್ದಿತ್ತು. ನನ್ನ ಬಳಿ ಎರಡು ಗಂಟು, ಒಂದರಲ್ಲಿ ಸೀರೆ, ಒಂದರಲ್ಲಿ ಮಣ್ಣು. ಸಾಹೇಬರ ಬಳಿ ನಾಲ್ಕು ಪೆಟ್ಟಿಗೆ. ಬಟ್ಟೆ ಒಂದರಲ್ಲಿತ್ತು. ಉಳಿದ ಮೂರರಲ್ಲಿ ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಒಂದು ಸಣ್ಣ ಸ್ಟೋ, ತಾಮ್ರದ ತಂಬಿಗೆ.

ಸಾಹೇಬರು ಹೊರಗಿನದು ಏನೂ ಮುಟ್ಟುವವರಲ್ಲ. ಲೋಕದ ಹಸಿವಿನ ಖಾತೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದರು, ಆರು ದೇಶ ತಿರುಗಿದ್ದರು, ಒಂದು ದೇಶದಲ್ಲೂ ಒಂದು ತುತ್ತು ಉಂಡಿರಲಿಲ್ಲ. ಮೂರನೇ ದೇಶದಲ್ಲಿ ಚಟ್ನಿಪುಡಿ ಮುಗಿದು ಎರಡು ದಿನ ಬರಿ ನೀರಿನ ಮೇಲಿದ್ದದ್ದನ್ನು ಅವರೇ ಹೇಳಿ ನಕ್ಕರು. ಒಳ್ಳೆಯ ಮನುಷ್ಯ. ರೈಲಿನಲ್ಲಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು, ಶಹಾಬಾದ ದಾಟುವ ತನಕ ನನ್ನ ಮಣ್ಣಿನ ಗಂಟನ್ನು ತಮ್ಮ ಕಾಲ ಮೇಲಿಟ್ಟುಕೊಂಡಿದ್ದರು. ಅದರಲ್ಲಿ ಏನಿದೆ ಅಂತ ಕೇಳಲಿಲ್ಲ. ಬೇಳೆ ಅಂದುಕೊಂಡಿರಬೇಕು.

ಮುಂಬೈ

ವಿಮಾನ ನಿಲ್ದಾಣದಲ್ಲಿ ಒಂದು ಚೀಟಿ ಕೊಟ್ಟರು. ಕಸುಬು ಅನ್ನುವ ಕಡೆ ಏನು ಬರೆಯಬೇಕು ಅಂದೆ. ಸಾಹೇಬರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು 'ಎಕ್ಸ್‌ಪರ್ಟ್' ಅಂತ ಬರೆದರು. ಅದರ ಕೆಳಗೆ ನಾನು ಸಹಿ ಮಾಡಿದೆ. ಮಹಾದೇವಿ. ಅಕ್ಷರ ದುಂಡಗೆ ಬಂದವು. ಏಳು ವರ್ಷ ಅಕ್ಕ ಬೀಸಿ ಬೀಸಿ ಕಲಿಸಿದ ಅಕ್ಷರ.

ವಿಮಾನದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಅದು ಏರುವಾಗ ಅಕ್ಕನ ನೆನಪಾಯಿತು, ಬಸ್ಸಿಗೇ ವಾಂತಿ ಮಾಡಿಕೊಳ್ಳುವವಳಿಗೆ ಇದರಲ್ಲಿ ಹೇಗೂ ಬರಲಾಗುತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ನಾನೇ ವಾಂತಿ ಮಾಡಿಕೊಂಡೆ.

ಬ್ಲಾಂಟೈರ್

ನೈರೋಬಿಯಲ್ಲಿ ವಿಮಾನ ಬದಲಿಸಿ ಮಲಾವಿಯ ಬ್ಲಾಂಟೈರ್ ಅನ್ನುವ ಊರಿಗೆ ಇಳಿದೆವು. ಕಸ್ಟಮ್ಸಿನ ಹೆಣ್ಣುಮಗಳು ನನ್ನ ಗಂಟು ಬಿಚ್ಚಿಸಿದಳು. ಮೇಲೆ ಗೋಣಿ, ಒಳಗೆ ಹಳೆಯ ಸೀರೆ, ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ನಮ್ಮೂರ ಕೆಮ್ಮಣ್ಣು. ಅವಳು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಇನ್ನೊಬ್ಬನನ್ನು ಕರೆದಳು. ಅವನೂ ಮೂಸಿದ. ನಾಲ್ಕನೆಯವನು ಬರುವ ಹೊತ್ತಿಗೆ ಕುಲಕರ್ಣಿ ಸಾಹೇಬರ ಅಂಗಾರ ಬೆವರಿಗೆ ಇಳಿದಿತ್ತು.

"ಮಾದೇವಮ್ಮಾ, ಇದೇನಿದು?"

"ಮಣ್ರಿ."

"ಮಣ್ಣು ಅನ್ನೋದು ಕಾಣಸ್ತದ. ಯಾಕ?"

ಬೇಳೆಗೆ ಅಂದೆ. ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಆ ಹೆಣ್ಣುಮಗಳು ಕೇಳಿದಳು, ಕೇಳಿ ನಮ್ಮನ್ನು ಕಿಟಕಿಯ ಬಳಿ ಕರೆದೊಯ್ದು ಹೊರಗೆ ಬೆರಳು ಮಾಡಿದಳು. ರಸ್ತೆ ಕೆಂಪು, ದಿನ್ನೆ ಕೆಂಪು, ನಿಂತ ಲಾರಿಯ ಗಾಲಿ ಕೆಂಪು. ಕಣ್ಣು ಹಾಯ್ದಷ್ಟು ದೂರ ಆ ದೇಶವೇ ಕೆಮ್ಮಣ್ಣು. ನಮ್ಮ ಮಣ್ಣನ್ನು ಮಾತ್ರ ಒಂದು ಡಬ್ಬಿಗೆ ಸುರಿದು, ರೋಗ ಇರಬಹುದು ಅಂತ ಮುಚ್ಚಳ ಹಾಕಿದರು. ಅಕ್ಕ ಜರಡಿ ಹಿಡಿದ ಮಣ್ಣು. ಹೊರಗೆ ಬಂದ ಮೇಲೆ ಸಾಹೇಬರು, ಇದನ್ನು ವರದಿಯಲ್ಲಿ ಬರೆಯುವುದು ಬೇಡ ಅಂದರು.

ಇನ್ನೊಂದು ಪೆಟ್ಟು ಚಳಿಯದು. ಆಫ್ರಿಕಾ ಅಂದರೆ ಬಿಸಿಲು ಅಂತ ನಾನು ತೆಳ್ಳನೆಯ ಸೀರೆ ಮಾತ್ರ ತಂದಿದ್ದೆ. ಆಷಾಢ ಅಲ್ಲಿ ಚಳಿಗಾಲವಂತೆ. ಬೆಟ್ಟದ ಕಡೆಯಿಂದ ಮಂಜಿನಂಥ ತುಂತುರು ಬಿಟ್ಟೂ ಬಿಡದೆ ಬೀಳುತ್ತಿತ್ತು. ಸಂಸ್ಥೆಯವರು ನನಗೆ ಒಂದು ಟೀ ಶರ್ಟು ಕೊಟ್ಟರು, ಬೆನ್ನ ಮೇಲೆ ಹಸಿವಿನ ವಿರುದ್ಧ ಏನೋ ಬರೆದದ್ದು. ಸೀರೆಯ ಮೇಲೆ ಅದನ್ನು ಹಾಕಿಕೊಂಡು ನಾನು ಎಕ್ಸ್‌ಪರ್ಟ್ ಆಗಿ ತಿರುಗಿದೆ.

ಲಿಂಬೆ

ಹಳ್ಳಿಗೆ ಹೋಗುವ ದಾರಿಯಲ್ಲಿ ಲಿಂಬೆ ಅನ್ನುವ ಪೇಟೆ. ಅಲ್ಲಿ ಜೀಪು ಕೆಟ್ಟಿತು. ನಿಂತ ಜಾಗದ ಎದುರಿಗೇ ದೊಡ್ಡ ಶೆಡ್ಡು, ಒಳಗೆ ಯಂತ್ರದ ಗರ್ಜನೆ, ಮೂಗಿಗೆ ಬಂದ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು. ಬೇಳೆ ಮಿಲ್ಲು.

ಮಾಲೀಕರದು ಅಜ್ಜನ ಕಾಲದಲ್ಲಿ ಗುಜರಾತಿನಿಂದ ಬಂದ ಮನೆಯಂತೆ. ಹಿಂದಿಯಲ್ಲಿ ಮಾತಾಡಿಸಿ ಚಹಾ ಕೊಟ್ಟರು. ಈ ಸುತ್ತಿನ ತೊಗರಿಯೆಲ್ಲ ಇಲ್ಲಿಗೇ ಬರುತ್ತದೆ, ಬೇಳೆಯಾಗಿ ಹಡಗು ಹತ್ತುತ್ತದೆ ಅಂದರು. ಎಲ್ಲಿಗೆ ಅಂದೆ. ಎಲ್ಲಿಗೆ ಅಂದರೇನು, ನಿಮ್ಮಲ್ಲಿಗೇ, ಮುಂಬೈಗೆ ಅಂದರು.

ನಾನು ಸಾಹೇಬರ ಮುಖ ನೋಡಿದೆ. ಇಲ್ಲಿಯ ತೊಗರಿ ಬೇಳೆಯಾಗಿ ನಮ್ಮ ಕಡೆ ಹೋಗುತ್ತಿದೆ. ಇವರಿಗೆ ಬೇಳೆ ಕಲಿಸಲು ನಮ್ಮ ಕಡೆಯಿಂದ ನಾನು ಬಂದಿದ್ದೇನೆ. ಇವರ ಬೇಳೆ ಇಲ್ಲೇ ಇಟ್ಟುಕೊಂಡು ಶಾಲೆಗೆ ಕೊಟ್ಟರೆ ಆಗದೇ ಅಂತ ಕೇಳಿದೆ. ಏಳನೇ ಇಯತ್ತೆಯವಳಿಗೆ ಹೊಳೆದದ್ದು ಅಷ್ಟೇ.

"ಅದು ವ್ಯಾಪಾರದ ಖಾತೆ, ಮಾದೇವಮ್ಮ. ನಮ್ಮದು ಶಿಕ್ಷಣ ಮತ್ತು ಆಹಾರದ ಖಾತೆ," ಅಂದರು ಸಾಹೇಬರು. ಚಹಾ ಅವರು ಮುಟ್ಟಲಿಲ್ಲ. ಜೀಪು ರಿಪೇರಿ ಆಯಿತು.

ಶಾಲೆ, ಮೊದಲ ದಿನ

ಶಾಲೆಗೆ ಮೂರು ಕೋಣೆ. ಅವುಗಳಲ್ಲಿ ಹಿಡಿಸದ ಮಕ್ಕಳು ಮಾವಿನ ಮರದ ಕೆಳಗೆ. ನಮ್ಮ ಕೊಡ್ಲಿ ಶಾಲೆಯಲ್ಲಿ ಬೇವಿನ ಮರ, ಇಲ್ಲಿ ಮಾವು, ಅಷ್ಟೇ ವ್ಯತ್ಯಾಸ. ಫಿರಿ ಅನ್ನುವ ಮಾಸ್ತರರು ದುಭಾಷಿ. ನನ್ನ ಕನ್ನಡವನ್ನು ಸಾಹೇಬರು ಇಂಗ್ಲಿಷ್ ಮಾಡುವರು, ಅದನ್ನು ಫಿರಿ ಮಾಸ್ತರರು ಅಲ್ಲಿಯ ಭಾಷೆಗೆ ತಿರುಗಿಸುವರು. ನಾನು ಒಂದು ಮಾತು ಹೇಳಿದರೆ ಸಾಹೇಬರದು ಹತ್ತಾಗುತ್ತಿತ್ತು, ಮಾಸ್ತರರದು ಮತ್ತೆ ಒಂದಾಗುತ್ತಿತ್ತು. ಆ ಒಂದು ನನ್ನದೇ ಇತ್ತೋ ಇಲ್ಲವೋ.

ತಾಯಂದಿರು ಮೂವತ್ತು ಜನ ಬಂದಿದ್ದರು. ನಾನು ನಮಸ್ಕಾರ ಮಾಡಿದೆ, ಅವರೆಲ್ಲ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾನು ಉಬ್ಬಿದೆ. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಇನ್ನೊಬ್ಬಾಕೆಗೆ ನೀರು ಕೊಟ್ಟಳು, ತೆಗೆದುಕೊಂಡವಳು ಹಾಗೆಯೇ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಅಲ್ಲಿಯ ಜನ ಉಪಕಾರ ಸ್ಮರಿಸುವುದು ಹಾಗೆ. ನೀರು ಕೊಟ್ಟರೂ ತಟ್ಟುತ್ತಾರೆ, ದಾರಿ ಬಿಟ್ಟರೂ ತಟ್ಟುತ್ತಾರೆ.

ಅವರಲ್ಲಿ ಎಸ್ನಾತ್ ಅನ್ನುವ ವಯಸ್ಸಾದ ಹೆಂಗಸು ಇದ್ದಳು. ಶಾಲೆಯ ಗಂಜಿ ಕಾಯಿಸುವವಳು. ನಾನು ತೊಗರಿ ಎತ್ತಿ ತೋರಿಸಿ ಇದಕ್ಕೆ ಏನಂತೀರಿ ಅಂತ ಕೇಳಿದಾಗ ಎಲ್ಲರೂ ಒಟ್ಟಿಗೆ 'ನಂದೋಲೊ' ಅಂದರು. ಎಸ್ನಾತ್ ಮಾತ್ರ ಅನ್ನಲಿಲ್ಲ. ಹುಟ್ಟಿದಾಗಿನಿಂದ ಬೆಳೆಯುವುದನ್ನು ತೋರಿಸಿ ಹೆಸರು ಕೇಳುವ ಈ ಹೆಂಗಸಿಗೆ ಏನಾಗಿದೆ ಅನ್ನುವ ಹಾಗೆ ನೋಡಿದಳು.

ನೆನೆಹಾಕಲು ನೀರು ಬೇಕಿತ್ತು. ಫಿರಿ ಮಾಸ್ತರರು ದೊಡ್ಡ ಕ್ಲಾಸಿನ ಹುಡುಗಿಯರನ್ನು ಎಬ್ಬಿಸಿ ಕೊಳವೆಬಾವಿಗೆ ಕಳಿಸಿದರು. ನೆನೆಹಾಕಲು ಒಮ್ಮೆ, ಮಣ್ಣು ಕಲಸಲು ಒಮ್ಮೆ, ಕೈತೊಳೆಯಲು ಒಮ್ಮೆ, ಸಾಹೇಬರ ಸ್ನಾನಕ್ಕೆ ಎರಡು ಸಲ. ಅವರ ಪುಸ್ತಕಗಳು ಮರದ ಕೆಳಗೆ ತೆರೆದುಕೊಂಡೇ ಬಿದ್ದಿದ್ದವು. ಮಳೆ ಬರುತ್ತದೆ ಅಂತ ಕೋಣೆಯೊಂದನ್ನು ಖಾಲಿ ಮಾಡಿಸಿ ಅಲ್ಲಿ ತೊಗರಿ ಹರವಿದೆವು. ಮಕ್ಕಳನ್ನು ಶಾಲೆಗೆ ಬರುವ ಹಾಗೆ ಮಾಡಲು ಹೋದವರು ನಾವು, ನಾಲ್ಕು ದಿನ ಅವರ ಪಾಠ ನಿಲ್ಲಿಸಿದೆವು. ತಲೆಯ ಮೇಲೆ ಕೊಡ ಹೊತ್ತು ಸಾಲಾಗಿ ಬರುತ್ತಿದ್ದ ಆ ಹುಡುಗಿಯರನ್ನು ನಾನು ನೋಡಲಿಲ್ಲ. ನೋಡಿದರೆ ಅವರಲ್ಲಿ ಒಬ್ಬಳು ನಾಗಮ್ಮ ಆಗಿಬಿಡುತ್ತಿದ್ದಳು.

ಶಾಲೆ, ಮೂರನೆಯ ದಿನ

ಮಣ್ಣು ಚೆನ್ನಾಗಿ ಹತ್ತಿತ್ತು. ಬಿಸಿಲು ಮಾತ್ರ ಬರಲೇ ಇಲ್ಲ. ಮೋಡ ಹರಿದಾಗ ಹೊರಗೆ ಹರವುವುದು, ತುಂತುರು ಬಂದಾಗ ಒಳಗೆ ಎಳೆಯುವುದು. ನಾಳೆ ದೊಡ್ಡ ಮೇಡಂ ಬರುವವರಿದ್ದರು, ಹಣ ಕೊಡುವ ದೇಶದವರು. ನಮ್ಮ ಬೇಳೆಯ ಊಟದ ರುಚಿ ನೋಡಿ, ಈ ಕೆಲಸ ಇನ್ನೂ ನೂರು ಶಾಲೆಗೆ ಹಬ್ಬಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು.

ಸಂಜೆ ನಾನು ಒಂದು ಕಾಳು ತೆಗೆದೆ. ಮಣ್ಣು ಒರೆಸಿ ಬಾಯಿಯ ಹತ್ತಿರ ಒಯ್ದೆ. ಸಾಹೇಬರು ಮೆತ್ತಗೆ ಅಂದರು:

"ಮಾದೇವಮ್ಮ, ಎಂಜಲ ಆಗ್ತದ. ಎಲ್ಲಾರೂ ನೋಡ್ಲಿಕತ್ತಾರ."

ಕೈ ಕೆಳಗಿಳಿಸಿದೆ. ಅಡಿಗೆಯ ಪದಾರ್ಥದಲ್ಲಿ ಎಂಜಲು ಕೈ, ಅದೂ ಮಡಿಯವರ ಮುಂದೆ. ಮೈಯೆಲ್ಲ ನಾಚಿಕೆಯಾಯಿತು. ಅಕ್ಕ ಆಗಿದ್ದರೆ ಸಾಹೇಬರ ಕಣ್ಣೆದುರಿಗೇ ಕಡಿದು, ಬೇಕಿದ್ದರೆ ಸಾಹೇಬರ ಕೈಗೂ ಒಂದು ಕಾಳು ಕೊಡುತ್ತಿದ್ದಳು. ಸುಳ್ಳು ಯಾಕೆ, ನಾನು ಕಡಿದಿದ್ದರೂ ಆಗುವುದು ಅಷ್ಟರಲ್ಲೇ ಇತ್ತು. ಕಟ್ ಅನ್ನುವ ಸದ್ದು ಅಕ್ಕನ ಹಲ್ಲಿಗೆ ಗೊತ್ತು, ನನಗೆ ಗೊತ್ತಿದ್ದದ್ದು ಅದರ ಕಥೆ.

ನಾಳೆ ಬೀಸಲಿಕ್ಕೆ ಬರುತ್ತದೇನು ಅಂತ ಕೇಳಿದರು. ಬರುತ್ತದೆ ಅಂದೆ.

ಶಾಲೆ, ನಾಲ್ಕನೆಯ ದಿನ

ಅಂದು ಏಕಾದಶಿ, ಆಷಾಢದ ದೊಡ್ಡ ಏಕಾದಶಿ. ಸಾಹೇಬರದು ನೀರೂ ಇಲ್ಲದ ಉಪವಾಸ. ಆಹಾರದ ದೊಡ್ಡ ದಿನಕ್ಕೆ ಅವರು ಬರಿ ಹೊಟ್ಟೆಯಲ್ಲಿ ತಯಾರಾದರು.

ನಮ್ಮ ಬೀಸುವ ಕಲ್ಲಿನ ಚಿತ್ರ ಮೊದಲೇ ಕಳಿಸಿ ಅಲ್ಲೇ ಒಂದು ಕಲ್ಲು ಕೆತ್ತಿಸಿದ್ದರು. ನಾನು ಸೆರಗು ಸಿಕ್ಕಿಸಿ ಕುಳಿತು, ಮೊದಲ ಹಿಡಿ ಹಾಕಿ ತಿರುಗಿಸಿದೆ. ಕಲ್ಲು ಅರ್ಧ ಸುತ್ತಿ ನಿಂತಿತು. ಬಲ ಹಾಕಿದೆ. ಅಂಚಿನಿಂದ ಹೊರಗೆ ಬಂದದ್ದು ಬೇಳೆ ಅಲ್ಲ, ಮಣ್ಣೂ ಹಿಟ್ಟೂ ಸಿಪ್ಪೆಯೂ ಕೂಡಿದ ಕೆಂಪು ಲದ್ದಿ. ಎರಡನೇ ಹಿಡಿಯೂ ಅದೇ. ಮೂರನೆಯದಕ್ಕೆ ಕಲ್ಲು ಕಚ್ಚಿಕೊಂಡು ಅಲುಗಲಿಲ್ಲ. ಮೂವತ್ತು ಜನ ತಾಯಂದಿರು ಸುಮ್ಮನೆ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಸಾಹೇಬರು ಗಡಿಯಾರ ನೋಡಿದರು. ಮೇಡಂ ಬರಲು ಮೂರು ತಾಸು ಇತ್ತು.

ಆಗ ಎಸ್ನಾತ್ ಎದ್ದಳು. ಮಣ್ಣು ಹಚ್ಚದ ತೊಗರಿ ಒಂದು ಬುಟ್ಟಿ ಪಕ್ಕದಲ್ಲಿತ್ತು, ಅದನ್ನು ಎತ್ತಿಕೊಂಡು ತನ್ನ ಒಲೆಗೆ ಹೋದಳು. ಒಡೆದ ಗಡಿಗೆಯ ಬೋಕಿಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಹುರಿಯತೊಡಗಿದಳು. ಅವಸರ ಇಲ್ಲ, ಮಾತಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಾಳು ತೆಗೆದು, ಊದಿ, ಬಾಯಿಗೆ ಹಾಕಿಕೊಂಡು ಕಡಿದಳು. ತಲೆ ಒಂದು ಬದಿಗೆ ವಾಲಿಸಿ ಕೇಳಿದಳು. ಇನ್ನೂ ಇಲ್ಲ. ಮತ್ತೆ ಕೈಯಾಡಿಸಿದಳು. ಮತ್ತೊಂದು ಕಾಳು ಕಡಿದಳು.

ಕಟ್.

ಒಲೆಯ ಆಚೆ ನಿಂತಿದ್ದ ನನಗೂ ಕೇಳಿಸಿತು. ತಲೆ ವಾಲಿಸುವ ರೀತಿ ಕೂಡ ಅಕ್ಕನದೇ. ಎಂಜಲು ಅಂತ ಯಾರೂ ಅವಳಿಗೆ ಹೇಳಲಿಲ್ಲ.

ಆಮೇಲಿನದು ಬೇಗ ಮುಗಿಯಿತು. ತಮ್ಮ ಚಪ್ಪಟೆ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಉಜ್ಜಿ ಸಿಪ್ಪೆ ಬಿಡಿಸಿದಳು, ಮೊರದಲ್ಲಿ ಕೇರಿದಳು, ಕುದಿಸಿ ಕಡೆದು ತೊವ್ವೆಯಂಥ ಗಟ್ಟಿ ಪಪ್ಪು ಮಾಡಿದಳು. ಅದಕ್ಕೆ ಚಿಪೆರೆ ಅನ್ನುತ್ತಾರಂತೆ. ಅವಳ ಅಜ್ಜಿಯೂ ಮಾಡುತ್ತಿದ್ದಳಂತೆ. ಇದು ನಿಮಗೆ ಮೊದಲೇ ಬರುತ್ತಿದ್ದರೆ ಯಾಕೆ ಹೇಳಲಿಲ್ಲ ಅಂತ ಫಿರಿ ಮಾಸ್ತರರ ಮೂಲಕ ಕೇಳಿಸಿದೆ. ಎಸ್ನಾತ್ ನನ್ನ ಟೀ ಶರ್ಟು ನೋಡಿ ಏನೋ ಅಂದಳು. ನೀವು ಅಷ್ಟು ದೂರದಿಂದ ಬಂದಿದ್ದಿರಿ, ಯಾರೂ ಕೇಳಲೂ ಇಲ್ಲ ಅಂತ ಅದರ ಅರ್ಥ.

ಮೇಡಂ ಬಂದರು. ಮೆಕ್ಕೆಜೋಳದ ಬಿಳಿ ಮುದ್ದೆ, ಅದರ ಪಕ್ಕದಲ್ಲಿ ಚಿಪೆರೆ. ಬೆರಳಲ್ಲಿ ಮುರಿದು, ಅದ್ದಿ ತಿಂದರು. ಕಣ್ಣು ಮುಚ್ಚಿ ತಿಂದರು. ಆಮೇಲೆ ಸುತ್ತ ನೋಡಿ ಏನೋ ಕೇಳಿದರು. ಸಾಹೇಬರು ನನ್ನ ಕಡೆ ತಿರುಗಿದರು.

"ಇದನ್ನ ಯಾರು ಮಾಡಿದ್ದು ಅಂತ ಕೇಳ್ಲಿಕತ್ತಾರ."

ಸೇಡಂನಲ್ಲಿ ಕೇಳಿದ ಪ್ರಶ್ನೆಯೇ. ನನ್ನನ್ನು ಕೇಳಿದವರೂ ಅದೇ ಸಾಹೇಬರು. ಎಸ್ನಾತ್ ಹಿಂದಿನ ಸಾಲಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನನ್ನ ಬಾಯಿಯೊಳಗೆ 'ನಾನ್ರಿ' ಅನ್ನುವುದು ತಯಾರಾಗಿಯೇ ಕುಳಿತಿತ್ತು. ಅದನ್ನು ನುಂಗಿ, ಬೆರಳು ಮಾಡಿ ತೋರಿಸಿದೆ.

"ಈಕಿ ಮಾಡ್ಯಾಳ್ರಿ. ನಂದು ಕೆಟ್ಟಿತು. ನಂಗ ಬರಂಗಿಲ್ಲ."

ಸಾಹೇಬರು ಮೇಡಂ ಕಡೆ ತಿರುಗಿದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು, ಬಹಳ ಹೊತ್ತು. ಮೇಡಂ ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ನನ್ನ ಹತ್ತಿರ ಬಂದು ತಬ್ಬಿಕೊಂಡು, ಒಂದು ಸರ್ಟಿಫಿಕೇಟು ಕೊಟ್ಟರು. ನನ್ನ ಹೆಸರು ಅದರಲ್ಲಿ ಮೊದಲೇ ಅಚ್ಚಾಗಿತ್ತು. ಎಸ್ನಾತ್‌ಗೆ ಒಂದು ಪ್ಲಾಸ್ಟಿಕ್ ಬಕೇಟು ಕೊಟ್ಟರು. ಎಲ್ಲ ತಾಯಂದಿರಿಗೂ ಕೊಟ್ಟರು. ಅವಳು ಮೆಲ್ಲಗೆ ಚಪ್ಪಾಳೆ ತಟ್ಟಿದಳು.

ಮತ್ತೆ ಬ್ಲಾಂಟೈರ್

ವಿಮಾನಕ್ಕೆ ಕಾಯುತ್ತ ಕುಳಿತಾಗ, ನನ್ನ ಮಾತನ್ನು ಮೇಡಂಗೆ ಏನಂತ ಹೇಳಿದಿರಿ ಅಂತ ಕೇಳಿದೆ. ಸಾಹೇಬರಿಗೆ ಖುಷಿಯಾಯಿತು. ಅಂದು ದ್ವಾದಶಿ, ಬೆಳಿಗ್ಗೆ ಅವಲಕ್ಕಿ ಉಂಡಿದ್ದರು.

"ಈ ಯಶಸ್ಸು ನಂದಲ್ಲ, ಈ ನಾಡಿನ ತಾಯಂದಿರದು ಅಂತ ಈಕಿ ಹೇಳ್ಲಿಕತ್ತಾಳ ಅಂದೆ. ನಿಮ್ಮದು ಭಾಳ ದೊಡ್ಡ ಮನಸು, ಮಾದೇವಮ್ಮ."

ನಾನು ಹೇಳಿದ್ದು ಅದಲ್ಲ ಅಂದೆ. ಗೊತ್ತು ಅಂದರು. ಖರೇ ಹೇಳಿದ್ದರೆ ಕೆಲಸ ನಿಲ್ಲುತ್ತಿತ್ತು, ಮಕ್ಕಳ ಊಟ ನಿಲ್ಲುತ್ತಿತ್ತು ಅಂದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ತಾವು ಸುಳ್ಳು ಹೇಳಿದ್ದೇವೆ ಅಂತ ಅವರಿಗೆ ಅನ್ನಿಸಿರಲೂ ಇಲ್ಲ.

ನಾನೇನು ಮಾಡಬಹುದಿತ್ತು? ಫಿರಿ ಮಾಸ್ತರರು ಅಲ್ಲೇ ಇದ್ದರು. ಎಸ್ನಾತ್‌ಳ ಕೈ ಹಿಡಿದು ಮುಂದಕ್ಕೆ ಎಳೆತರಬಹುದಿತ್ತು. ಸರ್ಟಿಫಿಕೇಟನ್ನು ಅವಳ ಕೈಗಿಡಬಹುದಿತ್ತು. ಒಮ್ಮೆ ಹೇಳಿದೆ, ಇನ್ನು ಸಾಕು ಅನ್ನಿಸಿತು. ಖರೇ ಹೇಳಿದ ಪುಣ್ಯವೂ ಬಂತು, ಸುಳ್ಳಿನ ಲಾಭವೂ ಬಂತು. ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡಾಗ ನನಗೆ ಒಳಗೊಳಗೇ ಹಿತವಾಗಿತ್ತು ಅನ್ನುವುದನ್ನೂ ಬರೆದುಬಿಡುತ್ತೇನೆ.

ಸೇಡಂ

ಊರಿಗೆ ಬಂದ ಮೇಲೆ ಅಕ್ಕನ ಮುಂದೆ ಕುಳಿತು ಎಲ್ಲ ಹೇಳಿದೆ. ಪ್ರದರ್ಶನದಲ್ಲಿ ನಾನ್ರಿ ಅಂದದ್ದು, ಪಾಸ್‌ಪೋರ್ಟಿನ ಸುಳ್ಳು, ಮಣ್ಣು ಹೋದದ್ದು, ಕಲ್ಲು ಕಚ್ಚಿಕೊಂಡದ್ದು, ಎಸ್ನಾತ್. ಅಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ ಒಂದೇ ಪ್ರಶ್ನೆ.

"ಕಡದು ನೋಡಿದ್ದೇನು?"

"ಇಲ್ಲ. ಸಾಹೇಬ್ರು ಎಂಜಲ ಅಂದ್ರು."

ಅಕ್ಕ ನನ್ನ ಮುಖವನ್ನೇ ನೋಡಿದಳು. ಪಾಸ್‌ಪೋರ್ಟಿನ ಸುಳ್ಳಿಗೆ ಬಾರದ ಸಿಟ್ಟು ಅವಳ ಮುಖದಲ್ಲಿ ಆಗ ಬಂತು. ಎದ್ದು ಒಳಗೆ ಹೋದಳು.

ತಿಂಗಳಾದ ಮೇಲೆ ಸೇಡಂನಲ್ಲಿ ನನಗೆ ಸನ್ಮಾನ ಇಟ್ಟರು. ಬರುವುದಿಲ್ಲ ಅಂದ ಅಕ್ಕನನ್ನು ಕಾಲು ಹಿಡಿದು ಕರೆದುಕೊಂಡು ಹೋದೆ, ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಶಾಲು ಹೊದಿಸುವ ಮೊದಲೇ ನಾನು ಮೈಕಿನಲ್ಲಿ, ಆ ಬೇಳೆ ಮಾಡಿದವಳು ಇಲ್ಲಿ ಕುಳಿತ ನಮ್ಮ ಅಕ್ಕ, ನಾನಲ್ಲ ಅಂದೆ. ಈ ಸಲ ಕನ್ನಡದಲ್ಲೇ ಇತ್ತು, ತಿರುಗಿಸುವವರು ಯಾರೂ ಇರಲಿಲ್ಲ. ಸಭೆ ಗುಜುಗುಜು ಅಂದಿತು. ಕುಲಕರ್ಣಿ ಸಾಹೇಬರು ಜಾಣರು, ಕೂಡಲೇ ಮೈಕನ್ನು ಅಕ್ಕನ ಮುಂದೆ ಹಿಡಿದರು. ನಾಗಮ್ಮನವರೇ, ಬೇಳೆ ಹ್ಯಾಂಗ ಮಾಡ್ತೀರಿ, ನಾಕು ಮಾತು ಹೇಳ್ರಿ.

ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಅಂದಳು:

"ನಂಗೇನು ಗೊತ್ತಿಲ್ಲರಿ. ನಮ್ಮ ತಂಗೀಗಿ ಕೇಳ್ರಿ. ಆಕಿ ಫಾರಿನ್ದಾಗ ಕಲ್ಸಿ ಬಂದಾಳ."

ಎಲ್ಲರೂ ನಕ್ಕು ಚಪ್ಪಾಳೆ ಹೊಡೆದರು. ಅಕ್ಕ ತಂಗಿ ಇಬ್ಬರದೂ ದೊಡ್ಡ ಮನಸು ಅಂತ ಸಾಹೇಬರು ಹೇಳಿದರು. ಶಾಲು ನನಗೇ ಬಂತು. ನನ್ನ ಮರ್ಯಾದೆ ಉಳಿಸಲು ಹಾಗೆ ಅಂದಳೋ, ಚಾವಟಿಯಿಂದ ಹೊಡೆದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇಲ್ಲ.

ಕೊಡ್ಲಿ

ಮರುದಿನ ಬೆಳಿಗ್ಗೆ ಅಕ್ಕ ಕರೆಕಳಿಸಿದಳು. ಬೀಸುವ ಕಲ್ಲಿನ ಮುಂದೆ ಚಾಪೆ ಹಾಸಿತ್ತು.

"ಕುಂದ್ರು," ಅಂದಳು.

ಅಂದಿನಿಂದ ಕುಳಿತಿದ್ದೇನೆ. ಮೂವತ್ತೈದನೇ ವಯಸ್ಸಿನಲ್ಲಿ ಒಂದನೇ ಇಯತ್ತೆ. ನೆನೆಹಾಕುವುದು, ಮಣ್ಣು ಹಚ್ಚುವುದು, ಹರವುವುದು, ಬೀಸುವುದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾದವು. ಬೇಳೆ ಮಾತ್ರ ಅರ್ಧಕ್ಕರ್ಧ ನುಚ್ಚಾಗುತ್ತಿತ್ತು. ಅಕ್ಕ ಬೈಯಲಿಲ್ಲ, ಹೊಗಳಲಿಲ್ಲ. ಆ ದೇಶದ ಹೆಸರು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ಸರ್ಟಿಫಿಕೇಟು ನನ್ನ ಟ್ರಂಕಿನಲ್ಲಿ ಸೀರೆಯ ಕೆಳಗಿತ್ತು.

ಹೊಸ ತೊಗರಿ ಬಂದ ಮೇಲೆ, ಮಾರ್ಚಿನ ಒಂದು ಮಧ್ಯಾಹ್ನ, ಅಕ್ಕ ನನ್ನ ಮೊರದಲ್ಲಿದ್ದ ಹಿಂದಿನ ದಿನದ ನುಚ್ಚನ್ನು ಬೆರಳಿನಿಂದ ಕೆದರಿದಳು. ಕೆದರಿ, ಮುಖ ಎತ್ತದೆ ಅಂದಳು:

"ಇದನ್ನ ಮಲಾವಿಗೆ ಕಳಸು. ಅಲ್ಲೆ ನಿನ್ನ ಬ್ಯಾಳಿಗಿ ಚಪ್ಪಾಳಿ ಹೊಡೀತಾರ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಏನಾದರೂ ಮಾಡಬೇಕಲ್ಲ ಅಂತ, ಅಂಗಳದಲ್ಲಿ ಮೂರು ದಿನದಿಂದ ಒಣಗುತ್ತಿದ್ದ ರಾಶಿಯಿಂದ ಒಂದು ಕಾಳು ತೆಗೆದು, ಮಣ್ಣು ಒರೆಸಿ ಕಡಿದೆ. ಕೇಳಿದೆ. ಇನ್ನೊಂದು ಕಡಿದೆ.

"ಇನ್ನೊಂದು ದಿನ ಬಿಸಲ ಬೇಕು," ಅಂದೆ.

ಅಕ್ಕ ಎದ್ದಳು. ತಾನು ಒಂದು ಕಾಳನ್ನೂ ಕಡಿದು ನೋಡಲಿಲ್ಲ. ಬೀಸಲೆಂದು ಅದೇ ರಾಶಿಯಿಂದ ಆಗಲೇ ತಾನು ಬುಟ್ಟಿಗೆ ತುಂಬಿಟ್ಟಿದ್ದ ತೊಗರಿಯನ್ನು ಒಯ್ದು ಮತ್ತೆ ಬಿಸಿಲಿಗೆ ಹರವಿದಳು.